ನರ್ಮದೆ ಬಲಗಡೆಗಿರಲಿ: ಪರಿಕ್ರಮೆಗೆ ಹೊರಡುವವರಿಗೆ ಪೂರ್ತಿ ಮಾರ್ಗದರ್ಶಿ

ಶಿವರಾತ್ರಿಗೆ ಧರ್ಮಸ್ಥಳ, ಯುಗಾದಿಗೆ ಶ್ರೀಶೈಲ, ಆಷಾಢಕ್ಕೆ ಪಂಢರಪುರ. ನಮ್ಮ ಕಡೆಯ ಪಾದಯಾತ್ರೆಗಳಲ್ಲಿ ದಾರಿ ಹುಡುಕುವ ಕೆಲಸವೇ ಇಲ್ಲ, ಮುಂದಿನವರ ಬೆನ್ನು ನೋಡಿಕೊಂಡು ನಡೆದರೆ ಸಾಕು. ನರ್ಮದಾ ನದಿಗೆ ಕಾಲ್ನಡಿಗೆಯಲ್ಲೇ ಪೂರ್ತಿ ಸುತ್ತು ಬರುವ ನರ್ಮದಾ ಪರಿಕ್ರಮೆಯ ಲೆಕ್ಕವೇ ಬೇರೆ. ಇಲ್ಲಿ ನಡೆಯುವವರು ತಿಂಗಳುಗಟ್ಟಲೆ ಹರಡಿಕೊಂಡಿರುತ್ತಾರೆ, ಅರ್ಧ ದಿನ ನಡೆದರೂ ಇನ್ನೊಬ್ಬ ಪರಿಕ್ರಮಾವಾಸಿ ಸಿಗದ ಹಾದಿಗಳಿವೆ. ದಾರಿ ತೋರಿಸಲು ನದಿ ಒಂದೇ, ಅದೂ ಎಲ್ಲ ಕಡೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈ ನಡಿಗೆಯ ಅರ್ಧ ಕೆಲಸ ಮನೆಯಲ್ಲೇ, ಕ್ಯಾಲೆಂಡರ್ ಮುಂದೆ ಕೂತು ಆಗಬೇಕು.

ನಿಯಮ ಒಂದೇ, ಪರಿಣಾಮ ಹಲವು

ಅಮರಕಂಟಕದಲ್ಲಿ ಹುಟ್ಟಿ ಭರೂಚ್‌ನ ಆಚೆ ಕಡಲು ಸೇರುವ ನರ್ಮದೆಯ ಉದ್ದ 1312 ಕಿ.ಮೀ. ಎರಡೂ ದಂಡೆ ಸೇರಿದರೆ 2600 ಕಿ.ಮೀ. ದಾಟುತ್ತದೆ; ಅಣೆಕಟ್ಟುಗಳ ಹಿನ್ನೀರು ಸುತ್ತುವುದರಿಂದ ಕಾಲಿಗೆ ಬೀಳುವ ದೂರ ಇನ್ನೂ ಹೆಚ್ಚು. ನದಿ ಸದಾ ಬಲಗಡೆಗಿರಬೇಕು, ಎಲ್ಲಿಯೂ ದಾಟಬಾರದು. ಅಂದರೆ ದಕ್ಷಿಣ ದಂಡೆಯಲ್ಲಿ ಪಶ್ಚಿಮಕ್ಕೆ, ಉತ್ತರ ದಂಡೆಯಲ್ಲಿ ಪೂರ್ವಕ್ಕೆ ನಡಿಗೆ. ದಂಡೆ ಬದಲಿಸಲು ಎರಡೇ ಜಾಗ: ಸಮುದ್ರಮುಖ ಮತ್ತು ಉಗಮ. ಉಪನದಿಗಳನ್ನು ದಾಟಲು ಅಡ್ಡಿಯಿಲ್ಲ.

ಈ ನಿಯಮದಿಂದ ಹೊಸಬರು ಎಡವುವ ಜಾಗ ಓಂಕಾರೇಶ್ವರ. ಅಲ್ಲಿನ ಜ್ಯೋತಿರ್ಲಿಂಗ ನದಿ ನಡುವಿನ ಮಾಂಧಾತಾ ದ್ವೀಪದಲ್ಲಿದೆ. ಸಂಕಲ್ಪ ಮಾಡಿದ ಮೇಲೆ ಸೇತುವೆ ಹತ್ತಿ ದರ್ಶನಕ್ಕೆ ಹೋದರೆ ಪರಿಕ್ರಮೆ ಮುರಿದಂತೆ. ಆದ್ದರಿಂದ ದ್ವೀಪದ ದರ್ಶನ ಸಂಕಲ್ಪಕ್ಕೆ ಮೊದಲು, ಇಲ್ಲವೇ ಪರಿಕ್ರಮೆ ಮುಗಿದ ಮೇಲೆ. ದಕ್ಷಿಣ ದಂಡೆಯಲ್ಲೇ ಇರುವ ಮಮಲೇಶ್ವರಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಅಮರಕಂಟಕದಲ್ಲೂ ಇಂಥದೇ ಸೂಕ್ಷ್ಮ: ಉಗಮದ ಕೊಳವಾದ ನರ್ಮದಾ ಕುಂಡವನ್ನಷ್ಟೇ ಸುತ್ತಿ ತಿರುಗಬೇಡಿ, ‘ಮಾಯಿ ಕೀ ಬಗಿಯಾ’ ಎಂಬ ತೋಪಿನ ಹಿಂದಿನಿಂದ ಬಳಸಿ ಬರುವುದು ರೂಢಿ.

ಮೂರು ವರ್ಷ, ಮೂರು ತಿಂಗಳು, ಹದಿಮೂರು ದಿನದ ಪರಿಕ್ರಮೆ ಶಾಸ್ತ್ರೋಕ್ತ ಎನ್ನುತ್ತಾರೆ. ಅದರಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನಿಂತು ಚಾತುರ್ಮಾಸ್ಯ ಮಾಡಬೇಕು. ಸಂಸಾರಿಗಳು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಐದು ತಿಂಗಳ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅಷ್ಟು ರಜೆ ಸಿಗದವರು ವರ್ಷಕ್ಕೆ 15–20 ದಿನದಂತೆ ತುಂಡುತುಂಡಾಗಿ ಮಾಡುವ ಖಂಡ ಪರಿಕ್ರಮೆ ಹಿಡಿಯಬಹುದು. ನಿಲ್ಲಿಸಿದ ಊರಿನಿಂದಲೇ ಮತ್ತೆ ಶುರು ಮಾಡಬೇಕು, ಅಷ್ಟೆ. ಇದನ್ನು ಕೀಳೆಂದು ನೋಡುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಕಿಲ್ಲ.

ದಿನ ಎಣಿಸುವುದು ಹಿಂದಿನಿಂದ

ಹೆಚ್ಚಿನವರು ಮಾಡುವ ತಪ್ಪು: 2600ನ್ನು 25ರಿಂದ ಭಾಗಿಸಿ 104 ದಿನ ಎಂದು ರಜೆ ಬರೆಯುವುದು. ಆ ಪಟ್ಟಿ ಮೂರನೇ ದಿನ ಮೊದಲ ಬೊಬ್ಬೆ ಎದ್ದಾಗಲೇ ಹರಿದುಹೋಗುತ್ತದೆ. ಸರಾಸರಿ 20 ಕಿ.ಮೀ. ಹಿಡಿಯಿರಿ, 130 ದಿನ. ವಾರಕ್ಕೆ ಅರ್ಧ ದಿನವಾದರೂ ಬಟ್ಟೆ ಒಗೆಯಲು, ಕಾಲಿಗೆ ವಿಶ್ರಾಂತಿಗೆ ಬೇಕು, ಅದು 10 ದಿನ. ದೋಣಿಗೆ ಕಾಯಲು, ಜ್ವರಕ್ಕೆ, ದಾರಿ ತಪ್ಪಿದ್ದಕ್ಕೆ ಇನ್ನೊಂದು 10. ಒಟ್ಟು 150.

ಈಗ ಇದನ್ನು ಹವಾಮಾನದ ಮೇಲೆ ಕೂರಿಸಿ. ಕಾರ್ತಿಕ ಶುದ್ಧ ಏಕಾದಶಿಗೆ ಚಾತುರ್ಮಾಸ್ಯ ಮುಗಿಯುತ್ತದೆ, ಅಲ್ಲಿಂದ ಹೊರಡಬಹುದು. ಓಂಕಾರೇಶ್ವರದಿಂದ ಸಮುದ್ರದವರೆಗೆ ಸುಮಾರು 30 ದಿನ, ಅಲ್ಲಿಂದ ಉತ್ತರ ದಂಡೆಯಲ್ಲಿ ಅಮರಕಂಟಕಕ್ಕೆ 75, ಮತ್ತೆ ದಕ್ಷಿಣ ದಂಡೆಯಲ್ಲಿ ಓಂಕಾರೇಶ್ವರಕ್ಕೆ 45. ನವೆಂಬರ್ 15ಕ್ಕೆ ಹೊರಟರೆ ಡಿಸೆಂಬರ್ ಮಧ್ಯೆ ಕಡಲು, ಫೆಬ್ರವರಿ ಕೊನೆಗೆ ಅಮರಕಂಟಕ, ಏಪ್ರಿಲ್ ನಡುವೆ ವಾಪಸ್. ಎರಡು ವಾರ ತಡವಾದರೆ ಕೊನೆಯ ಹಂತ, ಅಂದರೆ ಹಂಡಿಯಾದಿಂದ ಓಂಕಾರೇಶ್ವರದ ನೆರಳಿಲ್ಲದ ಬಯಲು, ಏಪ್ರಿಲ್ ಕೊನೆಯ 40 ಡಿಗ್ರಿ ಬಿಸಿಲಿಗೆ ಸಿಕ್ಕುತ್ತದೆ. ನಡಿಗೆ ಬಿಟ್ಟುಕೊಡುವಂತೆ ಮಾಡುವುದು ಬೆಟ್ಟಕ್ಕಿಂತ ಹೆಚ್ಚಾಗಿ ಈ ಬಯಲು.

ಇನ್ನು ಜನಸಂದಣಿ. ಏಕಾದಶಿಯಿಂದ ಹುಣ್ಣಿಮೆವರೆಗೆ ಓಂಕಾರೇಶ್ವರದಲ್ಲಿ ಮಹಾರಾಷ್ಟ್ರದ ತಂಡಗಳೇ ತುಂಬಿರುತ್ತವೆ. ಆ ಅಲೆಯೊಂದಿಗೆ ಹೊರಟರೆ ಮೊದಲ ತಿಂಗಳೆಲ್ಲ ಆಶ್ರಮಗಳಲ್ಲಿ ಮಲಗಲು ಜಾಗಕ್ಕೆ ಪರದಾಟ. ಏಕಾದಶಿ ನವೆಂಬರ್ ಮೊದಲ ವಾರದಲ್ಲಿ ಬಿದ್ದ ವರ್ಷ ಸುಲಭ: ಹುಣ್ಣಿಮೆ ಕಳೆದು ಒಂದು ವಾರ ಬಿಟ್ಟು ಹೊರಡಿ. ತಡವಾಗಿ ಬಿದ್ದ ವರ್ಷ ಬೇರೊಂದು ಉಪಾಯವಿದೆ. ಓಂಕಾರೇಶ್ವರದಿಂದಲೇ ಶುರು ಮಾಡಬೇಕೆಂಬ ಕಟ್ಟಳೆಯಿಲ್ಲ. ದಂಡೆಯ ಯಾವ ಘಾಟ್‌ನಲ್ಲಿ ಸಂಕಲ್ಪ ಮಾಡಿದರೂ ಅಲ್ಲಿಗೇ ಮರಳಿದರಾಯಿತು. ನಾವು ಸೂಚಿಸುವುದು ನರ್ಮದಾಪುರಂ, ಹಳೆಯ ಹೆಸರು ಹೋಶಂಗಾಬಾದ್. ಅಲ್ಲಿನ ಸೇಠಾನಿ ಘಾಟ್‌ನಿಂದ ಹೊರಟರೆ ಬಿಸಿಲಿನ ಹಂಡಿಯಾ ಬಯಲು ಚಳಿಗಾಲದ ಆರಂಭದಲ್ಲೇ ಮುಗಿಯುತ್ತದೆ, ಓಂಕಾರೇಶ್ವರ ತಲುಪುವ ಹೊತ್ತಿಗೆ ದೊಡ್ಡ ಅಲೆ ಮುಂದೆ ಹೋಗಿರುತ್ತದೆ.

ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಎರಡಕ್ಕೂ ಆಗುತ್ತದೆ. ಓಂಕಾರೇಶ್ವರಕ್ಕೆ ಖಂಡ್ವಾದಲ್ಲಿ ಇಳಿದು ಬಸ್ಸು, ಸುಮಾರು 70 ಕಿ.ಮೀ.; ನರ್ಮದಾಪುರಂಗೆ ಇಟಾರ್ಸಿಯಲ್ಲಿ ಇಳಿಯಬೇಕು, ಅಲ್ಲಿಂದ ಅರ್ಧ ಗಂಟೆಯ ದಾರಿ.

ಹತ್ತು ವಾರದ ತಾಲೀಮು

ದಿನಾ ಪಾರ್ಕಿನಲ್ಲಿ ಐದು ಸುತ್ತು ಹಾಕುವುದು ತಾಲೀಮಲ್ಲ. ಮೊದಲ ನಾಲ್ಕು ವಾರ ವಾರಕ್ಕೆ ನಾಲ್ಕು ದಿನ 6–8 ಕಿ.ಮೀ., ಬರಿಗೈಲಿ. ಐದನೇ ವಾರದಿಂದ ಚೀಲದಲ್ಲಿ 3 ಕೆ.ಜಿ. ಹಾಕಿ, ವಾರಕ್ಕೊಂದು ಕೆ.ಜಿ. ಏರಿಸುತ್ತ 7ಕ್ಕೆ ನಿಲ್ಲಿಸಿ. ಎಂಟು ಮತ್ತು ಒಂಬತ್ತನೇ ವಾರ ಶನಿವಾರ 20, ಭಾನುವಾರ ಮತ್ತೆ 20 ಕಿ.ಮೀ. ಮುಖ್ಯವಾದದ್ದು ಭಾನುವಾರದ ನಡಿಗೆ. ಶನಿವಾರ ಎಲ್ಲರೂ ನಡೆಯುತ್ತಾರೆ. ಊದಿದ ಪಾದಕ್ಕೆ ಶೂ ಹಾಕಿಕೊಂಡು ಎರಡನೇ ದಿನ ನಡೆದಾಗ ಶೂ ಎಲ್ಲಿ ಕಚ್ಚುತ್ತದೆ, ಚೀಲದ ಪಟ್ಟಿ ಎಲ್ಲಿ ಉಜ್ಜುತ್ತದೆ ಎಂಬುದು ಗೊತ್ತಾಗುತ್ತದೆ. ಮಣ್ಣುದಾರಿ, ಹೊಲದ ಬದು, ಡಾಂಬರು ಮೂರರ ಮೇಲೂ ನಡೆಯಿರಿ. ಹತ್ತನೇ ವಾರ ಪೂರ್ತಿ ವಿಶ್ರಾಂತಿ.

ನಿಜವಾದ ಪರೀಕ್ಷೆ ಬೇಕೆನ್ನುವವರಿಗೆ ಉತ್ತರವಾಹಿನಿ ಪರಿಕ್ರಮೆ ಇದೆ. ಗುಜರಾತಿನ ರಾಂಪುರ ಮತ್ತು ತಿಲಕವಾಡಾ ನಡುವೆ ನದಿ ಉತ್ತರಕ್ಕೆ ಹರಿಯುತ್ತದೆ. ಚೈತ್ರ ಮಾಸದಲ್ಲಿ ಎರಡೂ ದಂಡೆ ಸೇರಿ 21 ಕಿ.ಮೀ. ಆಸುಪಾಸಿನ ಒಂದು ದಿನದ ಸುತ್ತು. ಇದರಲ್ಲಿ ದೋಣಿಯಲ್ಲಿ ನದಿ ದಾಟಲು ಅವಕಾಶವಿದೆ. ಶಾಂತವಾಗೇನೂ ಇರುವುದಿಲ್ಲ, ಆದರೆ ಮುಂದಿನ ಕಾರ್ತಿಕಕ್ಕೆ ನಿಮ್ಮ ಕಾಲು ಸಿದ್ಧವೇ ಎಂಬುದಕ್ಕೆ ಸಂಜೆಯೊಳಗೆ ಉತ್ತರ ಸಿಗುತ್ತದೆ.

ಚೀಲ: 7 ಕೆ.ಜಿ., ಅದಕ್ಕಿಂತ ಒಂದು ಗ್ರಾಂ ಬೇಡ

ತೂಕ ಮಾಡದೆ ಚೀಲ ಕಟ್ಟಿದವರದು 11–12 ಕೆ.ಜಿ. ಆಗಿಯೇ ಆಗುತ್ತದೆ. ಮೊಣಕಾಲು ಹಿಡಿಯಲು ವಯಸ್ಸಿಗಿಂತ ಈ ನಾಲ್ಕು ಕಿಲೋ ಹೆಚ್ಚು ಕಾರಣ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ಇಟ್ಟು ನೋಡಿ:

- 35–40 ಲೀಟರ್ ಚೀಲ, ಸೊಂಟದ ಪಟ್ಟಿ ಇರಲೇಬೇಕು: 1200 ಗ್ರಾಂ
- 5 ಡಿಗ್ರಿ ಚಳಿ ತಡೆಯುವ ಮಲಗುಚೀಲ: 1000
- ಫೋಮ್ ಚಾಪೆ: 300
- ಮೈಮೇಲಿನದು ಬಿಟ್ಟು ಒಂದು ಜೊತೆ ಬಟ್ಟೆ, ಉಣ್ಣೆ ಟೋಪಿ, ಸ್ವೆಟರ್, ತೆಳು ಪಂಚೆ ಅಥವಾ ದುಪ್ಪಟ್ಟಾ, ಮೂರು ಜೊತೆ ಕಾಲುಚೀಲ: 1300
- ಸೊಳ್ಳೆಪರದೆ, ಒಬ್ಬರಿಗಾಗುವಷ್ಟು: 250
- ಔಷಧಿ, ಪಟ್ಟಿ, ಸೂಜಿ-ದಾರ: 300
- ಫೋನು, 10000 ಎಂಎಎಚ್ ಪವರ್ ಬ್ಯಾಂಕ್, ತಲೆಗೆ ಕಟ್ಟುವ ಟಾರ್ಚು: 500
- ಸ್ಟೀಲ್ ತಟ್ಟೆ, ಲೋಟ: 250
- ಹುರಿಗಡಲೆ, ಬೆಲ್ಲ, ಚಟ್ನಿಪುಡಿ: 300
- ನೀರು, 1 ಲೀಟರ್: 1000
- ಕಾಗದಪತ್ರ, ನರ್ಮದಾಜಲದ ಪುಟ್ಟ ಬಾಟಲಿ, ಪೂಜೆ ಸಾಮಾನು: 400

ಚಟ್ನಿಪುಡಿಯನ್ನು ತಮಾಷೆಗೆ ಸೇರಿಸಿದ್ದಲ್ಲ. ಬೆಳಗ್ಗೆ ಅವಲಕ್ಕಿ ಪೋಹಾ, ಮಧ್ಯಾಹ್ನ ದಪ್ಪ ಟಿಕ್ಕಡ್ ರೊಟ್ಟಿ ಜತೆ ಬೇಳೆ, ರಾತ್ರಿ ಖಿಚಡಿ, ಇದು ತಿಂಗಳಾನುಗಟ್ಟಲೆ. ಅನ್ನ-ಸಾರು ಉಂಡ ನಾಲಿಗೆ ಇಪ್ಪತ್ತನೇ ದಿನಕ್ಕೆ ಮುಷ್ಕರ ಹೂಡುತ್ತದೆ, ಊಟ ಕಡಿಮೆಯಾಗುತ್ತದೆ, ಅಲ್ಲಿಂದ ಸುಸ್ತು ಶುರು. ಮಡಿ ಪಾಲಿಸಿ ಸ್ವಯಂಪಾಕ ಮಾಡಿಕೊಳ್ಳುವವರಿಗೆ ಹಲವು ಆಶ್ರಮಗಳಲ್ಲಿ ಸದಾವ್ರತ ಸಿಗುತ್ತದೆ: ಹಿಟ್ಟು, ಬೇಳೆ, ಅಕ್ಕಿ, ಉಪ್ಪು. ಪಾತ್ರೆಯ ಅರ್ಧ ಕಿಲೋ ತೂಕವನ್ನು ಬೇರೆಲ್ಲಿಂದಲಾದರೂ ಕಳೆಯಬೇಕು, ಅಡುಗೆಗೆ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತದೆ. ಅಂಥವರು ಸರಾಸರಿಯನ್ನು 16–17 ಕಿ.ಮೀ.ಗೆ ಇಳಿಸಿ ಲೆಕ್ಕ ಹಾಕಲಿ.

ಶೂ ಒಂದು ಸೈಜು ದೊಡ್ಡದು, ಸಂಜೆ ಹೊತ್ತು ಪಾದ ಊದಿದಾಗ ಕೊಳ್ಳಿ. ಎತ್ತರದ ಟ್ರೆಕ್ಕಿಂಗ್ ಬೂಟು ಬೇಡ. ಉಪನದಿ ದಾಟುವಾಗ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಒಂದು ಜೊತೆ ಪೂರ್ತಿ ಪರಿಕ್ರಮೆಗೆ ಬಾಳುವುದಿಲ್ಲ. ಸುಮಾರು ಸಾವಿರ ಕಿ.ಮೀ.ಗೆ ಅಡಿ ಸವೆಯುತ್ತದೆ. ಭರೂಚ್ ಮತ್ತು ಜಬಲ್ಪುರದಲ್ಲಿ ಹೊಸದು ಕೊಳ್ಳುವ ದುಡ್ಡು ಮೊದಲೇ ಎತ್ತಿಡಿ. ಕೈಯಲ್ಲೊಂದು ದಂಡ ಇರಲಿ: ಇಳಿಜಾರಿಗೆ, ನೀರಿನ ಆಳ ನೋಡಲು, ನಾಯಿಗಳಿಗೆ.

ಸಂಕಲ್ಪದ ದಿನ

ಆಧಾರ್‌ನ ನಾಲ್ಕು ಪ್ರತಿ, ಆರು ಪಾಸ್‌ಪೋರ್ಟ್ ಅಳತೆಯ ಫೋಟೋ ಇಟ್ಟುಕೊಳ್ಳಿ. ಹೊರಡುವ ಊರಿನ ನಗರ ಪರಿಷತ್ ಅಥವಾ ಪಂಚಾಯಿತಿಯಿಂದ ಪರಿಕ್ರಮಾವಾಸಿ ಎಂಬ ಪತ್ರ ಮಾಡಿಸಿಕೊಳ್ಳಬೇಕು. ಕಚೇರಿ ರಜೆ ಇಲ್ಲದ ದಿನ ನೋಡಿ ತಲುಪಿ. ಭಾನುವಾರ ಬಂದಿಳಿದು ಒಂದು ದಿನ ಕಳೆದುಕೊಳ್ಳುವವರು ಬಹಳ. ಜತೆಗೊಂದು ನೋಟ್‌ಬುಕ್ ಇರಲಿ, ಆಶ್ರಮಗಳಲ್ಲಿ ಮುದ್ರೆ ಹಾಕಿಕೊಡುತ್ತಾರೆ. ದೋಣಿ ಹತ್ತುವಾಗ, ಒಂಟಿಯಾಗಿ ಬಂದವರನ್ನು ಹೊಸ ಊರಿನಲ್ಲಿ ಯಾರಾದರೂ ವಿಚಾರಿಸಿದಾಗ ಇವೆರಡೇ ಗುರುತು.

ಓಂಕಾರೇಶ್ವರದಲ್ಲಾದರೆ ದಕ್ಷಿಣ ದಂಡೆಯ ಗೋಮುಖ ಘಾಟ್‌ನಲ್ಲಿ ಸ್ನಾನ, ಪುರೋಹಿತರಿಂದ ಸಂಕಲ್ಪ, ಕನ್ಯಾಪೂಜೆ, ಶಿರಾ ಮಾಡಿ ಹಂಚುವ ‘ಕಢಾಯಿ’. ಗಂಡಸರ ಮುಂಡನ ಅವರವರ ಇಷ್ಟ. ದಕ್ಷಿಣೆ ಎಷ್ಟೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಬಾಟಲಿಗೆ ತುಂಬಿಕೊಂಡ ಜಲವನ್ನು ಕೊನೆಯವರೆಗೂ ಒಯ್ಯಬೇಕು, ಆದ್ದರಿಂದ ತಿರುಪು ಮುಚ್ಚಳದ ಗಟ್ಟಿ ಬಾಟಲಿ, 100 ಮಿ.ಲೀ. ಸಾಕು. ಶಂಕರಾಚಾರ್ಯರು ಗುರು ಗೋವಿಂದಪಾದರನ್ನು ಕಂಡದ್ದು ಇಲ್ಲೇ ಎಂಬುದು ಪರಂಪರೆ. ಶೃಂಗೇರಿಯ ನಂಟಿರುವವರು ಆ ಗುಹೆಗೂ ಹೋಗಿ ಬರುತ್ತಾರೆ; ಅದೂ ದ್ವೀಪದಲ್ಲೇ ಇರುವುದರಿಂದ ಸಂಕಲ್ಪಕ್ಕೆ ಮೊದಲೇ, ಇಲ್ಲವೇ ಪರಿಕ್ರಮೆ ಮುಗಿದ ಮೇಲೆ.

ದಿನಚರಿ ಮತ್ತು ನಡವಳಿಕೆ

ಮೊದಲ ಐದು ದಿನ 12–15 ಕಿ.ಮೀ.ಗಿಂತ ಹೆಚ್ಚು ಬೇಡ. ಮೈಯಲ್ಲಿ ಹುರುಪಿರುವುದರಿಂದ ಇದೇ ಕಷ್ಟದ ಶಿಸ್ತು. ಮೊಣಕಾಲ ಕೆಳಗಿನ ಮುಂಗಾಲ ಮೂಳೆನೋವು ಬರುವುದು ಹೆಚ್ಚಾಗಿ ಮೊದಲ ವಾರದಲ್ಲಿ, ಡಾಂಬರಿನ ಮೇಲೆ ಬಿರುಸಾಗಿ ನಡೆದವರಿಗೆ. ಬಂದರೆ ಹತ್ತು ದಿನ ಬಿಡುವುದಿಲ್ಲ.

ಬೆಳಗ್ಗೆ ಆರಕ್ಕೆ ಹೊರಟು, ಎಂಟು ಗಂಟೆ ಹೊತ್ತಿಗೆ ದಾರಿಯಲ್ಲಿ ಚಹಾ ಅಥವಾ ‘ಬಾಲಭೋಗ್’ ಎನ್ನುವ ಬೆಳಗಿನ ತಿಂಡಿ, ಹನ್ನೊಂದೂವರೆಯೊಳಗೆ ದಿನದ ಮುಕ್ಕಾಲು ದೂರ. ಊಟದ ನಂತರ ಶೂ ಕಾಲುಚೀಲ ಎರಡೂ ತೆಗೆದು ಅರ್ಧ ಗಂಟೆ ಪಾದ ಒಣಗಿಸಿ. ಬೊಬ್ಬೆ ಏಳಿಸುವುದು ದೂರಕ್ಕಿಂತ ಹೆಚ್ಚಾಗಿ ಬೆವರು ಮತ್ತು ಮರಳು; ಈ ಅರ್ಧ ಗಂಟೆ ಅದಕ್ಕೆ ಅಡ್ಡ ನಿಲ್ಲುತ್ತದೆ. ಎಲ್ಲಿ ಬಿಸಿಯಾಯಿತೋ ಅಲ್ಲಿ ಕೂಡಲೇ ಕಾಗದದ ಅಂಟುಪಟ್ಟಿ. ಇನ್ನೆರಡು ಕಿಲೋಮೀಟರ್ ಆಗಲಿ ಎಂದರೆ ನಾಲ್ಕು ದಿನದ ಕುಂಟಾಟ.

ಸಂಜೆ ನಾಲ್ಕಕ್ಕೆ ನಿಲ್ಲಿ. ಐದೂವರೆಗೆ ಬಂದವರಿಗೆ ಜಗುಲಿಯೇ ಗತಿ. ಆಶ್ರಮದ ಬಾಗಿಲಲ್ಲಿ ನಿಂತು ‘ನರ್ಮದೇ ಹರ್’ ಎನ್ನಿ, ಆಮೇಲೆ ‘ಆಸನ್ ಮಿಲೇಗಾ, ಬಾಬಾಜೀ?’ (ತಂಗಲು ಜಾಗ ಸಿಗುತ್ತದೆಯೇ) ಎಂದು ಕೇಳಿ, ಅಲ್ಲಿರುವವರು ಹೆಂಗಸರಾದರೆ ‘ಮಾತಾಜೀ’. ಒಪ್ಪಿಗೆ ಸಿಗುವವರೆಗೆ ಚೀಲ ಇಳಿಸಬಾರದು. ಊಟಕ್ಕೆ ದುಡ್ಡು ಕೇಳುವುದಿಲ್ಲ ಎಂದ ಮಾತ್ರಕ್ಕೆ ಅದು ಪುಕ್ಕಟೆ ಹೋಟೆಲಲ್ಲ: ತಟ್ಟೆ ತೊಳೆಯಿರಿ, ಅಂಗಳ ಗುಡಿಸಿ, ಪೆಟ್ಟಿಗೆಗೆ ಕೈಲಾದಷ್ಟು ಹಾಕಿ. ಚಿಕ್ಕ ನೋಟುಗಳಲ್ಲಿ ಎರಡು-ಮೂರು ಸಾವಿರ ಇಟ್ಟುಕೊಂಡರೆ ಸಾಕು. ಬಡವಾನಿ, ರಾಜಪಿಪ್ಲಾ, ಭರೂಚ್, ಜಬಲ್ಪುರ, ಮಂಡ್ಲಾದಂಥ ಊರುಗಳಲ್ಲಿ ಎಟಿಎಂ ಇದೆ. ಹೆಂಗಸರು ಒಂಟಿಯಾಗಿಯೂ ನಡೆಯುತ್ತಾರೆ. ಆದರೂ ಕಾಡಿನ ಹಂತಗಳಲ್ಲಿ ಇಬ್ಬರು ಮೂವರು ಜತೆಗೂಡುವುದು ಗಂಡಸರಿಗೂ ಒಳ್ಳೆಯದು.

ನದಿಯಲ್ಲಿ ಸೋಪು ಬೇಡ, ಈಜು ಬೇಡ. ಈಜಬಾರದೆನ್ನುವುದಕ್ಕೆ ಆಚಾರದ ಜತೆ ಎರಡು ಗಟ್ಟಿ ಕಾರಣಗಳಿವೆ: ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟ ದಿಢೀರನೆ ಏರುತ್ತದೆ, ಮತ್ತು ಹಲವು ಕಡೆ ಮೊಸಳೆಗಳಿವೆ. ಊರವರು ಸ್ನಾನ ಮಾಡುವ ಘಾಟ್‌ನಲ್ಲೇ ಮುಳುಗಿ ಏಳಿ.

ಕೆಡುವ ಜಾಗಗಳು

ಬಡವಾನಿ ಬಿಟ್ಟ ಮೇಲೆ ದಾರಿ ಒಡೆಯುತ್ತದೆ. ಸರ್ದಾರ್ ಸರೋವರದ ಹಿನ್ನೀರು ಹಳೆಯ ದಂಡೆಯ ದಾರಿಯನ್ನು ನುಂಗಿರುವುದರಿಂದ ನದಿ ಪಕ್ಕ ನಡೆಯುವ ಮಾತೇ ಇಲ್ಲ. ಒಂದು, ಶೂಲಪಾಣಿ ಝಾಡಿ ಎಂಬ ಕಾಡು: ಸಾತ್ಪುಡಾ ಬೆಟ್ಟಗಳ ಕಡಿದಾದ ಏರಿಳಿತ, ಭಿಲ್ಲರ ಹಾಡಿಗಳು, ತೆಳುವಾದ ನೆಟ್‌ವರ್ಕ್. ಹಿಂದೆ ಇಲ್ಲಿ ಪರಿಕ್ರಮಾವಾಸಿಗಳನ್ನು ಉಟ್ಟ ಬಟ್ಟೆಯವರೆಗೆ ದೋಚುತ್ತಿದ್ದರು. ಹಳೆಯ ಕಥನಗಳನ್ನು ಓದಿ ಹೆದರುವವರು ಇದ್ದಾರೆ, ಆ ಕಾಲ ಬಹುಮಟ್ಟಿಗೆ ಹೋಗಿದೆ. ಇನ್ನೊಂದು, ಶಹಾದಾ, ಪ್ರಕಾಶಾ, ತಳೋದಾ, ಅಕ್ಕಲಕುವಾ ಮೂಲಕ ರಾಜಪಿಪ್ಲಾಕ್ಕೆ ಹೋಗುವ ರಸ್ತೆ: ಸಮತಟ್ಟು, ಸುತ್ತು, ಲಾರಿಗಳ ಧೂಳು. ಮೊಣಕಾಲು ಗಟ್ಟಿಯಿದ್ದರೆ ಝಾಡಿಯನ್ನೇ ಹಿಡಿಯಿರಿ. ಪರಿಕ್ರಮೆಯ ನಿಶ್ಶಬ್ದ ಇರುವುದು ಅಲ್ಲಿ. ಹೊರಡುವ ಮುನ್ನ ಎರಡು ಹೊತ್ತಿನ ಹುರಿಗಡಲೆ-ಬೆಲ್ಲ ತುಂಬಿಕೊಳ್ಳಿ, ನೀರು ಎರಡು ಲೀಟರ್‌ಗೆ ಏರಿಸಿ, ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ‘ಎರಡು ಮೂರು ದಿನ ಫೋನ್ ಸಿಗದಿದ್ದರೆ ಗಾಬರಿ ಬೇಡ’ ಎಂದು ಮನೆಗೆ ತಿಳಿಸಿ. ಮಕ್ಕಳಿಗೆ ಚಾಕಲೇಟ್ ಎಸೆಯುತ್ತ ಹೋಗುವ ಚಾಳಿ ಬೇಡ. ಹಿಂದೆ ಬರುವವರ ಚೀಲಕ್ಕೆ ಕೈಹಾಕುವುದು ಅಲ್ಲಿಂದಲೇ ಕಲಿತದ್ದು.

ಎರಡನೆಯದು ಕಡಲು. ಅಂಕಲೇಶ್ವರ, ಹಾಂಸೋಟ್ ದಾಟಿ ಕಠ್‌ಪೋರ್, ವಿಮಲೇಶ್ವರ ಭಾಗದಿಂದ ಉತ್ತರ ದಂಡೆಯ ಮೀಠಿ ತಲಾಯಿಗೆ ದೋಣಿ. ಉಬ್ಬರ ಬಂದಾಗ ಮಾತ್ರ ಅದು ತೇಲುತ್ತದೆ. ಇಳಿತದಲ್ಲಿ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಹೊರಡುವ ವೇಳೆ ನಡುರಾತ್ರಿಯೂ ಆಗಬಹುದು. ತಲುಪಿದ ಕೂಡಲೇ ಹೆಸರು ಬರೆಸಿ. ಜನ ಹೆಚ್ಚಿದ್ದರೆ ಎರಡು ಮೂರು ದಿನ ಕಾಯಬೇಕು. ಮೊದಲು ಎತ್ತಿಟ್ಟ ಹತ್ತು ದಿನ ಬಳಕೆಗೆ ಬರುವುದು ಇಲ್ಲಿ. ದಾಟಲು ಕೆಲವು ಗಂಟೆ ಹಿಡಿಯುತ್ತದೆ, ದೋಣಿ ತೆರೆದದ್ದು, ಶೌಚದ ವ್ಯವಸ್ಥೆ ಇಲ್ಲ. ಫೋನು, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಲೈಫ್ ಜಾಕೆಟ್ ಕೇಳಿ ಹಾಕಿಕೊಂಡೇ ಕೂರಿ.

ಉತ್ತರ ದಂಡೆ ಬಹುಪಾಲು ಸಲೀಸು. ಮಹೇಶ್ವರದಲ್ಲಿ ಅಹಲ್ಯಾಬಾಯಿಯ ಘಾಟ್ ಮೇಲೆ ಒಂದು ದಿನ ಹೆಚ್ಚು ನಿಲ್ಲಿ. ಬಡವಾಹದಿಂದ ನೇಮಾವರದವರೆಗಿನ ಕಾಡಿನಲ್ಲಿ ಆಶ್ರಮಗಳು ದೂರ ದೂರ. ಮುಂದಿನ ಠಾವು ಎಲ್ಲಿ ಎಂದು ಕೇಳಿಯೇ ಬೆಳಗ್ಗೆ ಹೊರಡಿ. (ಈ ದಂಡೆ ನಮಗೆ ಶಾಲೆಯಿಂದಲೇ ಪರಿಚಿತ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ಈ ನದಿಯ ಮೇಲೆ. 634ರ ಐಹೊಳೆ ಶಾಸನ ಹರ್ಷನ ಹರ್ಷ ಇಂಗಿಹೋಯಿತೆಂದು ಚುಚ್ಚುತ್ತದೆ.) ಮಂಡ್ಲಾ, ಡಿಂಡೋರಿ, ಅಮರಕಂಟಕದ ಹಂತದಲ್ಲಿ ಫೆಬ್ರವರಿಯಲ್ಲೂ ರಾತ್ರಿ ನಡುಗಿಸುವ ಚಳಿ. ಭಾರವೆಂದು ಗುಜರಾತಿನ ಸೆಕೆಯಲ್ಲಿ ಸ್ವೆಟರನ್ನು ಕೊಟ್ಟುಬಿಟ್ಟವರು ಇಲ್ಲಿ ಪಶ್ಚಾತ್ತಾಪ ಪಡುತ್ತಾರೆ.

ಕೊನೆಯ ಕಂಟಕ ಇಂದಿರಾ ಸಾಗರ. 2004ರಲ್ಲಿ ಹರಸೂದ್ ಪಟ್ಟಣವನ್ನೇ ತೆರವು ಮಾಡಿಸಿದ ಜಲಾಶಯವಿದು. ಹಂಡಿಯಾ ಆದಮೇಲೆ ಹಿನ್ನೀರಿನ ಬೆರಳುಗಳು ಹೊಲಗಳೊಳಗೆ ಚಾಚಿಕೊಂಡಿವೆ. ನಕ್ಷೆಯಲ್ಲಿ ನೇರ ಕಾಣುವ ಹಾದಿ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ, ಹಿಂದೆ ತಿರುಗಿದರೆ ದಿನದ ಅರ್ಧ ಹೋಗುತ್ತದೆ. ಈ ಭಾಗದಲ್ಲಿ ಫೋನಿಗಿಂತ ದನ ಕಾಯುವವರ ಮಾತನ್ನು ನಂಬಿ, ಹೊಳೆದಾರಿ ಬಿಟ್ಟು ರಸ್ತೆ ಹಿಡಿಯಿರಿ. ಬೆಳಗ್ಗೆ ಐದಕ್ಕೆ ಹೊರಟು ಹತ್ತೂವರೆಗೆ ನಿಲ್ಲಿಸಿ, ಸಂಜೆ ಐದರ ನಂತರ ಮತ್ತೆರಡು ಗಂಟೆ. ಓಆರ್‌ಎಸ್ ಪೊಟ್ಟಣ ದಿನಕ್ಕೆರಡು.

ಹೊರಟ ಘಾಟ್‌ಗೇ ಮರಳಿ ಪೂಜೆ, ಕಢಾಯಿ, ಕನ್ಯಾಭೋಜನ ಮುಗಿಸಿ. ಆಮೇಲೆ ದ್ವೀಪಕ್ಕೆ ಹೋಗಿ ಬಾಟಲಿಯ ಜಲವನ್ನು ಓಂಕಾರೇಶ್ವರನಿಗೆ ಅರ್ಪಿಸುವುದು ವಾಡಿಕೆ. ಬೇರೆ ಊರಿನಿಂದ ಹೊರಟವರು ಅಲ್ಲಿಗೆ ಬಸ್ಸಿನಲ್ಲೇ ಹೋಗಬಹುದು. ವಾಪಸ್ ರೈಲಿನ ಟಿಕೆಟನ್ನು ಮಾತ್ರ ಕೊನೆಯ ಹತ್ತು ದಿನ ಉಳಿದಾಗ ತೆಗೆಸಿ. ಮೊದಲೇ ತೆಗೆಸಿಟ್ಟವರು ಆ ತಾರೀಖು ಹಿಡಿಯಲು ಬಿಸಿಲಿನಲ್ಲಿ 30 ಕಿ.ಮೀ. ಓಡುತ್ತಾರೆ, ಇಲ್ಲವೇ ಕಾಲು ಸೋತು ಬಸ್ಸು ಹತ್ತುತ್ತಾರೆ.